ತಾನ್ಸೇನಿನ ಶನಿವಾರ

ತಾನ್ಸೇನಿಗೆ ಹೋಗಿಬಂದೆ ಎಂದರೆ ಧಾರವಾಡದಲ್ಲಿ ಯಾರಿಗಾದರೂ ಮೊದಲು ನೆನಪಾಗುವುದು ಅಕ್ಬರನ ಆಸ್ಥಾನದ ಗಾಯಕ. ನಾನು ಹೋಗಿದ್ದು ಊರಿಗೆ. ಪಶ್ಚಿಮ ನೇಪಾಳದ ಪಾಲ್ಪಾ ಜಿಲ್ಲೆಯ ಗುಡ್ಡದ ಇಳಿಜಾರಿನಲ್ಲಿ, ಒಂದು ಬೀದಿಯ ಮೇಲೆ ಇನ್ನೊಂದು ಬೀದಿಯನ್ನು ಪೇರಿಸಿಟ್ಟಂತೆ ಕಾಣುವ ಊರದು. ಯಶವಂತಪುರದಿಂದ ಗೋರಖಪುರದವರೆಗೆ ರೈಲು, ಅಲ್ಲಿಂದ ಗಡಿಯ ಸುನೌಲಿಗೆ ಬಸ್ಸು, ಗಡಿಯ ಕಮಾನು ದಾಟಿ ಬುಟವಲ್, ಆಮೇಲೆ ತಿನಾವು ನದಿಯ ಕಣಿವೆಯನ್ನು ಹಿಡಿದು ಮೇಲೇರುವ ರಸ್ತೆ. ನಾನು ಅಲ್ಲಿಗೆ ಹೋದದ್ದು ಪ್ರವಾಸಕ್ಕಲ್ಲ. ನನ್ನ ಚಿಕ್ಕಮ್ಮನ ಮಗಳು, ನಮ್ಮ ಮನೆಯಲ್ಲಿ ಎಲ್ಲರಿಗೂ ಅಕ್ಕ, ಒಂದು ಮಿಶನ್ ಸಂಸ್ಥೆಯ ಮೂಲಕ ಕೆಲವು ವರ್ಷಗಳಿಂದ ಅಲ್ಲಿ ನರ್ಸ್ ಆಗಿ ಕೆಲಸ ಮಾಡುತ್ತಿದ್ದಾಳೆ. ‘ಒಂದು ಸಲ ಬಂದು ನೋಡು, ಆಮೇಲೆ ನಿನ್ನ ಅಭಿಪ್ರಾಯ ಹೇಳು’ ಎಂದು ಅವಳು ಕರೆದಿದ್ದಳು. ಆ ಮಾತಿಗೆ ಹಿನ್ನೆಲೆಯಾಗಿ ಒಂದು ಹಳೆಯ ಜಗಳವಿತ್ತು.

ಅವಳು ಕೆಲಸಕ್ಕೆ ಸೇರಿದ ದಿನ ಒಂದು ಕಾಗದವನ್ನು ಓದಿಸಿ ಸಹಿ ಹಾಕಿಸಿಕೊಂಡಿದ್ದರಂತೆ. ನಿಮಗೆ ವಹಿಸಿದ ಕೆಲಸವನ್ನಷ್ಟೇ ಮಾಡತಕ್ಕದ್ದು, ಯಾರನ್ನೂ ಮತಾಂತರಿಸುವ ಪ್ರಯತ್ನಕ್ಕೆ ಕೈಹಾಕಕೂಡದು ಎಂಬುದು ಅದರ ತಾತ್ಪರ್ಯ. ನಮ್ಮ ಸಭೆಯ, ಅಂದರೆ ಚರ್ಚಿನ, ಕೆಲವು ಹಿರಿಯರಿಗೆ ಇದು ತಿಳಿದಾಗ ಬೇಸರವಾಯಿತು. ಸುವಾರ್ತೆ ಸಾರುವುದಿಲ್ಲ ಎಂದು ಬರೆದುಕೊಟ್ಟು ಹೋದವಳನ್ನು ಮಿಶನರಿ ಎಂದು ಹೇಗೆ ಕರೆಯುವುದು, ಅವಳಿಗಾಗಿ ಆರಾಧನೆಯಲ್ಲಿ ವಿಶೇಷ ಕಾಣಿಕೆ ಎತ್ತುವುದು ಸರಿಯೇ ಎಂಬ ಚರ್ಚೆ ನಡೆಯಿತು. ಆಗ ನಾನೂ ಹಿರಿಯರ ಪಕ್ಷದಲ್ಲಿದ್ದೆ ಎಂಬುದನ್ನು ಮುಚ್ಚಿಡುವುದಿಲ್ಲ.

ಕಾನೂನನ್ನು ಮೊದಲು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ನೇಪಾಳದ 2015ರ ಸಂವಿಧಾನದ 26ನೆಯ ವಿಧಿಯು ಪ್ರತಿಯೊಬ್ಬರಿಗೂ ತಮ್ಮ ಧರ್ಮವನ್ನು ನಂಬುವ, ಆಚರಿಸುವ ಹಾಗೂ ಕಾಪಾಡಿಕೊಳ್ಳುವ ಹಕ್ಕನ್ನು ಕೊಡುತ್ತದೆ. ಅದೇ ವಿಧಿಯ ಮೂರನೆಯ ಉಪವಿಧಿಯು ಇನ್ನೊಬ್ಬರನ್ನು ಒಂದು ಧರ್ಮದಿಂದ ಮತ್ತೊಂದಕ್ಕೆ ಮತಾಂತರಿಸುವುದನ್ನು ನಿಷೇಧಿಸುತ್ತದೆ. 2018ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ದಂಡ ಸಂಹಿತೆಯ 158ನೆಯ ಕಲಮಿನ ಪ್ರಕಾರ ಮತಾಂತರಿಸಿದವರಿಗೆ ಐದು ವರ್ಷಗಳವರೆಗೆ ಸೆರೆವಾಸ ಮತ್ತು 50,000 ನೇಪಾಳಿ ರೂಪಾಯಿಗಳವರೆಗೆ ದಂಡ. ಅಪರಾಧಿ ವಿದೇಶಿಯನಾಗಿದ್ದರೆ ಶಿಕ್ಷೆ ಮುಗಿದ ಏಳು ದಿನಗಳೊಳಗೆ ಗಡೀಪಾರು. ಭಾರತದ ಕೆಲವು ರಾಜ್ಯಗಳ ಕಾನೂನುಗಳು ಬಲವಂತ, ಆಮಿಷ, ವಂಚನೆ ಎಂಬ ಪದಗಳ ಸುತ್ತ ಹೆಣೆದುಕೊಂಡಿವೆ. ನೇಪಾಳದಲ್ಲಿ ಆಮಿಷವನ್ನು ತೋರಿಸಿಕೊಡಬೇಕಾದ ಅಗತ್ಯವೂ ಇಲ್ಲ, ಮತಾಂತರಿಸಿದ್ದೇ ಅಪರಾಧ. ಇದು ಈಚಿನ ಸರ್ಕಾರಗಳ ಹೊಸ ಯೋಚನೆಯೂ ಅಲ್ಲ. ರಾಜನ ಅಧಿಕಾರವನ್ನು ಮೊಟಕುಗೊಳಿಸಿದ 1990ರ ಸಂವಿಧಾನದಲ್ಲಿಯೂ, ದೇಶವನ್ನು ಧರ್ಮನಿರಪೇಕ್ಷವೆಂದು ಸಾರಿದ 2007ರ ಮಧ್ಯಂತರ ಸಂವಿಧಾನದಲ್ಲಿಯೂ ಇದೇ ನಿಷೇಧವಿತ್ತು. ಅರಸೊತ್ತಿಗೆ ಹೋಯಿತು, ಮಾವೋವಾದಿಗಳು ಅಧಿಕಾರಕ್ಕೆ ಬಂದರು, ಗಣರಾಜ್ಯವಾಯಿತು. ಈ ಒಂದು ವಾಕ್ಯ ಮಾತ್ರ ಯಾರ ಕೈಯಲ್ಲೂ ಅಳಿಸಿಹೋಗಲಿಲ್ಲ.

ಇದರ ಬೇರು ಹಳೆಯದು. 1715ರಿಂದ ಕಪುಚಿನ್ ಪಂಗಡದ ಇಟಲಿಯ ಪಾದ್ರಿಗಳು ಮಲ್ಲ ಅರಸರ ಕಾಲದ ಕಠ್ಮಂಡು ಕಣಿವೆಯಲ್ಲಿ ನೆಲೆಸಿ, ಔಷಧಿ ಕೊಡುತ್ತ, ಸಣ್ಣದೊಂದು ಕ್ರೈಸ್ತ ಸಮುದಾಯವನ್ನು ಕಟ್ಟಿಕೊಂಡಿದ್ದರು. ಗೋರ್ಖಾದ ಪೃಥ್ವಿ ನಾರಾಯಣ ಶಾಹ ಕಣಿವೆಯನ್ನು ಗೆದ್ದ ಮೇಲೆ, ಇವರು ಬ್ರಿಟಿಷರ ಕಡೆಯವರು ಎಂಬ ಸಂಶಯದಿಂದ, 1769ರಲ್ಲಿ ಪಾದ್ರಿಗಳೂ ಅವರನ್ನು ನಂಬಿದ, ಕಣಿವೆಯ ನೇವಾರ ಜನಾಂಗದ ಕುಟುಂಬಗಳೂ ಬಿಹಾರದ ಬೇತಿಯಾಕ್ಕೆ ಹೊರಡಬೇಕಾಯಿತು. ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಬಯಲಿನಲ್ಲಿ ಏನು ಮಾಡುತ್ತಿತ್ತು ಎಂಬುದನ್ನು ನೋಡುತ್ತಿದ್ದ ಅರಸನಿಗೆ ಆ ಸಂಶಯ ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಅಲ್ಲಿಂದ ಮುಂದೆ ಹೆಚ್ಚುಕಡಿಮೆ ನೂರ ಎಂಬತ್ತು ವರ್ಷ ಆ ದೇಶದ ಬಾಗಿಲು ಮಿಶನರಿಗಳಿಗೆ ತೆರೆಯಲಿಲ್ಲ. ಸ್ವಂತ ಪ್ರಜೆಗಳಿಗೂ ತೆರೆಯಲಿಲ್ಲ. ಕಠ್ಮಂಡುವಿನಲ್ಲಿ ಹುಟ್ಟಿ ಡಾರ್ಜಿಲಿಂಗ್‌ನಲ್ಲಿ ಕ್ರೈಸ್ತನಾಗಿ, ನೇಪಾಳಿ ಭಾಷೆಗೆ ಸಂಪೂರ್ಣ ಬೈಬಲ್ಲನ್ನು ತರುವ ಕೆಲಸವನ್ನು ಹೊತ್ತು, 1914ರಲ್ಲಿ ಅದು ಅಚ್ಚಾಗುವುದನ್ನು ಕಂಡ ಗಂಗಾ ಪ್ರಸಾದ್ ಪ್ರಧಾನ್ ಅವರು ತಮ್ಮ ಕುಟುಂಬದವರನ್ನು ಕರೆದುಕೊಂಡು ಹುಟ್ಟೂರಿಗೆ ಮರಳಿದಾಗ, ಇಲ್ಲಿ ಕ್ರೈಸ್ತರಿಗೆ ಜಾಗವಿಲ್ಲವೆಂದು ಹೊರಗೆ ಕಳುಹಿಸಲಾಯಿತು.

ಆ ಕಾಲದ ಮಿಶನರಿಗಳು ಮಾಡಬಹುದಾಗಿದ್ದ ಕೆಲಸ ಕಾಯುವುದೊಂದೇ. ಬಸ್ಸಿನಲ್ಲಿ ಹೋಗುವಾಗ ನಾನು ಕೇಳಿ ಗುರುತಿಸಿಕೊಂಡ ಒಂದು ಹೆಸರು ನೌತನ್ವಾ. ಗಡಿಗೆ ಕೆಲವೇ ಮೈಲಿ ಈಚೆ ಇರುವ ಈ ರೈಲು ನಿಲ್ದಾಣದ ಊರಿನಲ್ಲಿ ಡಾಕ್ಟರ್ ಲಿಲಿ ಓ'ಹ್ಯಾನ್ಲನ್ ಮತ್ತು ಹಿಲ್ಡಾ ಸ್ಟೀಲ್ ಎಂಬ ಇಬ್ಬರು ಮಹಿಳೆಯರು 1936ರಲ್ಲಿ ಔಷಧಾಲಯ ತೆರೆದು ಕುಳಿತರು. ಗುಡ್ಡಗಳಿಂದ ಇಳಿದು ಬಂದ ನೇಪಾಳಿಗಳಿಗೆ ಔಷಧಿ ಕೊಡುವುದು, ಅವರು ಮರಳಿ ಗುಡ್ಡ ಹತ್ತುವುದನ್ನು ನೋಡುವುದು. ವಂಶಪಾರಂಪರ್ಯವಾಗಿ ಪ್ರಧಾನಿಗಳಾಗಿದ್ದ ರಾಣಾ ಮನೆತನದ ಆಳ್ವಿಕೆ 1951ರಲ್ಲಿ ಕೊನೆಗೊಂಡ ಮೇಲೆಯೇ ಅವರಿಗೆ ಅನುಮತಿ ಸಿಕ್ಕಿತು. 1952ರ ನವೆಂಬರಿನಲ್ಲಿ ಆರು ಮಂದಿ ಹೆಂಗಸರು, ಜೊತೆಗೆ ಕೆಲವು ನೇಪಾಳಿ ಕ್ರೈಸ್ತರು, ದಿನಗಟ್ಟಲೆ ನಡೆದು ಪೋಖರಾ ಸೇರಿದರು. ಅವರ ಆಸ್ಪತ್ರೆಯ ಅಲ್ಯೂಮಿನಿಯಂ ಗುಡಿಸಲುಗಳು ಬಿಸಿಲಿಗೆ ಥಳಥಳಿಸುತ್ತಿದ್ದುದರಿಂದ ಜನ ಅದನ್ನು ಹೊಳೆಯುವ ಆಸ್ಪತ್ರೆ ಎಂದು ಕರೆದರು. ಹದಿನಾರು ವರ್ಷ ಗಡಿಯಲ್ಲಿ ಕುಳಿತು ಬಾಗಿಲನ್ನೇ ನೋಡುತ್ತಿದ್ದವರ ತಾಳ್ಮೆ ಎಂಥದ್ದಿರಬೇಕು ಎಂದು ಯೋಚಿಸುತ್ತ ನಾನು ಬಸ್ಸಿನ ಕಿಟಕಿಯಿಂದ ಇಣುಕಿದರೆ ಕಂಡದ್ದು ಗೋಧಿ ಹೊಲ ಮತ್ತು ಇಟ್ಟಿಗೆ ಭಟ್ಟಿಗಳು ಮಾತ್ರ.

ತಾನ್ಸೇನಿನ ಕತೆ ಶುರುವಾಗುವುದು ಹಕ್ಕಿಗಳಿಂದ. ಮಸ್ಸೂರಿಯ ವುಡ್‌ಸ್ಟಾಕ್ ಶಾಲೆಯ ಅಧ್ಯಾಪಕ ರಾಬರ್ಟ್ ಫ್ಲೆಮಿಂಗ್ ಅಮೆರಿಕದವರು, ಮೆಥಡಿಸ್ಟ್ ಮಿಶನರಿ, ಅದಕ್ಕಿಂತ ಹೆಚ್ಚಾಗಿ ಪಕ್ಷಿ ವಿಜ್ಞಾನಿ. ಷಿಕಾಗೋದ ಫೀಲ್ಡ್ ಮ್ಯೂಸಿಯಂಗಾಗಿ ಹಕ್ಕಿಗಳನ್ನು ಸಂಗ್ರಹಿಸಲು ಅವರಿಗೆ 1949ರಲ್ಲಿ ನೇಪಾಳ ಪ್ರವೇಶಿಸಲು ಪರವಾನಗಿ ಸಿಕ್ಕಿತು. ಧರ್ಮಬೋಧಕನಿಗೆ ಮುಚ್ಚಿದ್ದ ದಾರಿ ಹಕ್ಕಿ ಹಿಡಿಯುವವನಿಗೆ ತೆರೆದಿತ್ತು. 1951ರ ಚಳಿಗಾಲದಲ್ಲಿ ಮತ್ತೆ ಹೊರಟಾಗ ಅವರ ಜೊತೆ ವೈದ್ಯ ಕಾರ್ಲ್ ಫ್ರೆಡರಿಕ್ಸ್ ಇದ್ದರು. ಫ್ಲೆಮಿಂಗ್ ಕಾಡಿನಲ್ಲಿ ಹಕ್ಕಿಗಳ ಬೆನ್ನು ಹತ್ತಿದ್ದಾಗ ವೈದ್ಯರು ತಾನ್ಸೇನಿನಲ್ಲಿ ವಾರಗಟ್ಟಲೆ ರೋಗಿಗಳನ್ನು ನೋಡಿದರು. ಇಲ್ಲೊಂದು ಆಸ್ಪತ್ರೆ ಬೇಕೆಂದು ಊರಿನವರಿಗೂ ಅನಿಸಿತು. ಅರ್ಜಿ ಹೋಯಿತು, 1953ರಲ್ಲಿ ಸರ್ಕಾರದ ಒಪ್ಪಿಗೆ ಬಂದಿತು, 1954ರ ಮಾರ್ಚಿನಲ್ಲಿ ನಾಗಪುರದಲ್ಲಿ ಎಂಟು ಮಿಶನ್‌ಗಳು ಸೇರಿ ಯುನೈಟೆಡ್ ಮಿಶನ್ ಟು ನೇಪಾಳ ಎಂಬ ಸಂಸ್ಥೆಯನ್ನು ಕಟ್ಟಿದವು. ಅಷ್ಟರಲ್ಲಾಗಲೇ ಫ್ಲೆಮಿಂಗ್ ಅವರ ಪತ್ನಿ, ವೈದ್ಯೆ ಬೆಥೆಲ್, ಕಠ್ಮಂಡು ಕಣಿವೆಯಲ್ಲಿ ಚಿಕಿತ್ಸಾಲಯ ಆರಂಭಿಸಿದ್ದರು. ಎರಡು ವರ್ಷಗಳ ನಂತರ ಶಾಂತ ಭವನ ಎಂಬ ರಾಣಾ ಅರಮನೆಯೇ ಅವರ ಆಸ್ಪತ್ರೆಯಾಯಿತು. ಅದರ ಮುಂದಿನ ರೂಪವೇ ಇಂದಿನ ಪಾಟನ್ ಆಸ್ಪತ್ರೆ. ಹೆಚ್ಚುಕಡಿಮೆ ಇದೇ ಹೊತ್ತಿನಲ್ಲಿ, 1951ರಲ್ಲಿ, ಜೆಸ್ವಿಟ್ ಪಾದ್ರಿ ಮಾರ್ಷಲ್ ಮೋರನ್ ಗೋದಾವರಿಯಲ್ಲಿ ಸೇಂಟ್ ಝೇವಿಯರ್ ಶಾಲೆ ತೆರೆದರು. ಪಾಠವನ್ನಷ್ಟೇ ಹೇಳಿಕೊಟ್ಟು, ಬಿಡುವಿನಲ್ಲಿ ಹ್ಯಾಮ್ ರೇಡಿಯೋದಲ್ಲಿ ಜಗತ್ತಿನೊಂದಿಗೆ ಮಾತಾಡುತ್ತಿದ್ದ ಈ ಪಾದ್ರಿ ಎಷ್ಟೋ ದೇಶಗಳ ರೇಡಿಯೋ ಹವ್ಯಾಸಿಗಳಿಗೆ ನೇಪಾಳದ ಏಕೈಕ ದನಿಯಾಗಿದ್ದರು.

ಸರ್ಕಾರದೊಂದಿಗಿನ ಒಪ್ಪಂದದಲ್ಲಿ ಆ ವಾಕ್ಯ ಸೇರಿದ್ದು ಹೀಗೆ. ಆಸ್ಪತ್ರೆ ಕಟ್ಟಿ, ಶಾಲೆ ನಡೆಸಿ, ನಮ್ಮವರಿಗೆ ತರಬೇತಿ ಕೊಡಿ. ಮತಪ್ರಚಾರ ಮಾತ್ರ ಬೇಡ. ಮಿಶನ್ ಅದಕ್ಕೆ ಒಪ್ಪಿ ಸಹಿ ಹಾಕಿತು. ಅವಧಿ ಮುಗಿದಾಗಲೆಲ್ಲ ಒಪ್ಪಂದ ನವೀಕರಣವಾಯಿತು, ವಾಕ್ಯ ಉಳಿಯಿತು. ನಮ್ಮ ಹಿರಿಯರಿಗೆ ಹಿಡಿಸದಿದ್ದ ಕಾಗದದ ಮೂಲ ಇದೇ.

ಈ ಸಹಿಯ ಬೆಲೆಯನ್ನು ಯಾರು ತೆತ್ತರು ಎಂಬುದು 1960ರಲ್ಲಿ ತಾನ್ಸೇನಿನಲ್ಲಿಯೇ ಗೊತ್ತಾಯಿತು. ದೀಕ್ಷಾಸ್ನಾನ ಪಡೆದು ಕ್ರೈಸ್ತರಾದ ಕೆಲವು ನೇಪಾಳಿ ಸ್ತ್ರೀ ಪುರುಷರನ್ನೂ ದೀಕ್ಷಾಸ್ನಾನ ಕೊಟ್ಟ ಸಭೆಯ ಪಾಲಕ, ಅಂದರೆ ಪಾದ್ರಿ, ಡೇವಿಡ್ ಮುಖಿಯಾ ಅವರನ್ನೂ ಬಂಧಿಸಿ ವಿಚಾರಣೆ ನಡೆಸಲಾಯಿತು. ಧರ್ಮ ಬಿಟ್ಟವರಿಗೆ ಒಂದು ವರ್ಷ, ಬಿಡಿಸಿದವರಿಗೆ ಆರು ವರ್ಷ. 1963ರ ಮುಲುಕಿ ಐನ್, ಅಂದರೆ ದೇಶದ ಕಾನೂನು ಸಂಹಿತೆ, ಈ ಲೆಕ್ಕವನ್ನೇ ಮತ್ತೆ ಬರೆಯಿತು: ಪ್ರಯತ್ನಿಸಿದವರಿಗೆ ಮೂರು ವರ್ಷ, ಮತಾಂತರಿಸಿದವರಿಗೆ ಆರು, ಮತಾಂತರವಾದವರಿಗೆ ಒಂದು. ಗುಡ್ಡದ ಮೇಲಿನ ಆಸ್ಪತ್ರೆ ಎಂದಿನಂತೆ ನಡೆಯಿತು. ಅದೇ ಗುಡ್ಡದ ಊರಿನ ಸೆರೆಮನೆಯಲ್ಲಿ ಒಂದು ಸಭೆ ಬೀಗದೊಳಗಿತ್ತು. ವಿದೇಶಿಯರು ಕಾನೂನನ್ನು ಮುರಿಯಲಿಲ್ಲ, ಹಾಗಾಗಿ ಅವರಿಗೆ ಶಿಕ್ಷೆಯಾಗಲಿಲ್ಲ. ಹೇಳಲು ಇಷ್ಟು ಸರಳ. ಅಂದು ರಾತ್ರಿ ವಾರ್ಡಿನ ದೀಪ ಆರಿಸಿ ಮಲಗಲು ಹೋದ ವೈದ್ಯರಿಗೆ ಮಾತ್ರ ಇದು ಅಷ್ಟು ಸರಳವಾಗಿ ಕಂಡಿರಲಾರದು.

ಇಲ್ಲಿ ನನ್ನ ಮುತ್ತಜ್ಜನ ವಿಷಯ ತರಬೇಕು. ತಾಯಿಯ ಕಡೆಯವರು ಮಂಗಳೂರಿನ ಜೆಪ್ಪುವಿನವರು. ಮುತ್ತಜ್ಜ ಬಾಸೆಲ್ ಮಿಶನ್ನಿನ ಹೆಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು. 1834ರಲ್ಲಿ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬರಲು ಸಾಧ್ಯವಾದದ್ದೂ ಒಂದು ಕಾನೂನು ಸಡಿಲಗೊಂಡದ್ದರಿಂದಲೇ. 1813ರವರೆಗೆ ಕಂಪನಿ ಸರ್ಕಾರ ತನ್ನ ವ್ಯಾಪಾರಕ್ಕೆ ಧಕ್ಕೆಯಾದೀತೆಂದು ಇಂಗ್ಲಿಷ್ ಮಿಶನರಿಗಳನ್ನೂ ಸುಲಭವಾಗಿ ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ; ವಿಲಿಯಂ ಕೇರಿ ಡೆನ್ಮಾರ್ಕಿನವರ ಶ್ರೀರಾಮಪುರದಲ್ಲಿ ಆಶ್ರಯ ಪಡೆದದ್ದು ಅದಕ್ಕಾಗಿ. 1833ರ ಕಾಯಿದೆ ಬಂದ ಮೇಲೆ ಸ್ವಿಸ್, ಜರ್ಮನ್ ಮಿಶನ್‌ಗಳಿಗೂ ದಾರಿಯಾಯಿತು. ಹೀಗೆ ಬಂದವರ ಮಾತು ಕೇಳಿ ಕ್ರೈಸ್ತರಾದವರು, ಅವರಲ್ಲಿಯೂ ಶೇಂದಿ ಇಳಿಸುವ ಕಸುಬನ್ನು ಬಿಟ್ಟವರು, ಮನೆ ಮತ್ತು ಜೀವನೋಪಾಯ ಎರಡನ್ನೂ ಕಳೆದುಕೊಂಡರು. ಅವರಿಗೆ ಅನ್ನದ ದಾರಿ ತೋರಿಸಬೇಕೆಂದು ನೇಯ್ಗೆ ಬಂದಿತು, 1865ರಲ್ಲಿ ಜೆಪ್ಪುವಿನ ಹೆಂಚು ಬಂದಿತು. ಸಭೆ, ಶಾಲೆ, ಕಾರ್ಖಾನೆ, ಬಾಡಿಗೆ ಮನೆ ಎಲ್ಲವೂ ಒಂದೇ ಮಿಶನ್ನಿನವು. ಮಿಶನ್ ಕಂಪೌಂಡು ಎಂಬ ಮಾತು ಈಗಲೂ ನಮ್ಮ ಬಾಯಲ್ಲಿ ಇದೆ. ಕೆಲಸ ಕೊಡುವ ದೊರೆ, ಪ್ರಸಂಗ ಮಾಡುವ ಅಯ್ಯನವರು, ತಪ್ಪು ಮಾಡಿದರೆ ಸಭೆಯಿಂದ ಹೊರಗಿಡುವ ಹಿರಿಯ, ಮೂವರೂ ಒಂದೇ ಮನೆಯವರಾಗಿದ್ದರೆ ಮನುಷ್ಯ ಎಷ್ಟು ತಗ್ಗಿ ನಡೆಯಬೇಕಾಗುತ್ತದೆ ಎಂಬುದನ್ನು ನಮ್ಮ ಅಜ್ಜಿ ಕತೆಯಾಗಿ ಹೇಳುತ್ತಿದ್ದಳು. ಅವಳ ದನಿಯಲ್ಲಿ ಕೃತಜ್ಞತೆಯೂ ಇರುತ್ತಿತ್ತು, ಮುನಿಸೂ ಇರುತ್ತಿತ್ತು.

ತಾನ್ಸೇನಿಗೆ ಹೋಗುವ ದಾರಿಯಲ್ಲಿರುವ ಬುಟವಲ್‌ನಲ್ಲಿ ಇದೇ ಕತೆ ಬೇರೆ ರೀತಿಯಲ್ಲಿ ನಡೆಯಿತು. ಓಡ್ ಹಾಫ್ಟುನ್ ಎಂಬ ನಾರ್ವೆಯ ಇಂಜಿನಿಯರ್ 1958ರಲ್ಲಿ ತಾನ್ಸೇನಿನ ಆಸ್ಪತ್ರೆ ಕಟ್ಟಲು ಬಂದವರು. ಕಟ್ಟಡ ಮುಗಿಯುವ ಹೊತ್ತಿಗೆ ಅವರಿಗೆ ಹೊಳೆದದ್ದು, ಇಲ್ಲಿ ತಿರುಪು ಬಿಗಿಯಬಲ್ಲ, ಮರ ಕೊಯ್ಯಬಲ್ಲ, ತಂತಿ ಎಳೆಯಬಲ್ಲ ಕೈಗಳು ಸಾಲದು ಎಂಬುದು. 1963ರಲ್ಲಿ ಬುಟವಲ್ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್ ಶುರುವಾಯಿತು. ಹುಡುಗರು ತಿನಾವು ಪಕ್ಕದ ವರ್ಕ್‌ಶಾಪಿನಲ್ಲಿ ದುಡಿಯುತ್ತ ಕಲಿತರು. ಆ ಯಂತ್ರಗಳಿಗೆ ವಿದ್ಯುತ್ ಬೇಕಾಯಿತು. ಬುಟವಲ್ ಪವರ್ ಕಂಪನಿ ಹುಟ್ಟಿತು. ಗುಡ್ಡದೊಳಗೆ ಸುರಂಗ ಕೊರೆದು ತಿನಾವು ನೀರಿನಿಂದ ಒಂದು ಮೆಗಾವ್ಯಾಟ್ ವಿದ್ಯುತ್ ತೆಗೆದರು. ಆ ಸುರಂಗದಲ್ಲಿ ಕಲಿತ ಕೈಗಳು ಮುಂದೆ ಆಂಧಿಖೋಲಾದಲ್ಲಿ 5.1, ಝಿಮ್ರುಕ್‌ನಲ್ಲಿ 12, ಖಿಮ್ತಿಯಲ್ಲಿ 60 ಮೆಗಾವ್ಯಾಟ್‌ವರೆಗೆ ಬೆಳೆದವು. ಇಷ್ಟೆಲ್ಲ ನಡೆದಾಗಲೂ ಆ ಉದ್ಯೋಗ ಕ್ರೈಸ್ತರಿಗೆಂದು ಮೀಸಲಾಗಿರಲಿಲ್ಲ; ಮೀಸಲಿಡುವಂತೆಯೂ ಇರಲಿಲ್ಲ. ಅಲ್ಲಿ ವೆಲ್ಡಿಂಗ್ ಕಲಿತ ಮಗರ ಜನಾಂಗದ ಹುಡುಗನಿಗೆ ಮನೆಯ ದೇವರನ್ನು ಬಿಡಬೇಕಾದ ಪ್ರಮೇಯವೇ ಬರಲಿಲ್ಲ. ನನ್ನ ಮುತ್ತಜ್ಜನಿಗೆ ಹೆಂಚೂ ದೇವರೂ ಒಂದೇ ಗೇಟಿನೊಳಗೆ ಸಿಕ್ಕಿದ್ದವು. ಇವನಿಗೆ ಸಿಕ್ಕಿದ್ದು ಕಸುಬು ಮಾತ್ರ.

ಇದನ್ನು ಮಿಶನರಿಗಳು ತಾವಾಗಿಯೇ ಆರಿಸಿಕೊಂಡದ್ದು ಎಂದು ಹೇಳಲಾರೆ. ಅನುಮತಿ ಇದ್ದಿದ್ದರೆ ಅವರೂ ಕಂಪೌಂಡು ಕಟ್ಟುತ್ತಿದ್ದರೇನೋ. ಒಪ್ಪಂದ ಅದನ್ನು ತಡೆಯಿತು. ಅವರು ಸಭೆ ಸ್ಥಾಪಿಸುವಂತಿರಲಿಲ್ಲ, ಪಾಲಕರಿಗೆ ಸಂಬಳ ಕೊಟ್ಟು ಇಟ್ಟುಕೊಳ್ಳುವಂತಿರಲಿಲ್ಲ, ದೀಕ್ಷಾಸ್ನಾನ ಕೊಡುವಂತಿರಲಿಲ್ಲ. ಹೀಗಾಗಿ ನೇಪಾಳದ ಸಭೆಯನ್ನು ನೇಪಾಳಿಗಳೇ ಕಟ್ಟಬೇಕಾಯಿತು. ಪೋಖರಾದ ರಾಮಘಾಟಿನಲ್ಲಿ ಐವತ್ತರ ದಶಕದ ಆರಂಭದಲ್ಲಿ ನೆಲೆಗೊಂಡ ಸಭೆಯನ್ನು ನಡೆಸಿದವರು ಗಡಿಯಾಚೆಯಿಂದ ಮನೆಗೆ ಮರಳಿದ ನೇಪಾಳಿ ಭಾಷಿಕರು. ಕಠ್ಮಂಡುವಿನ ಜ್ಞಾನೇಶ್ವರದ ನೇಪಾಳ ಇಸಾಯಿ ಮಂಡಳಿಯನ್ನು ದಶಕಗಳ ಕಾಲ ನಡೆಸಿದ ರಾಬರ್ಟ್ ಕಾರ್ಥಕ್ ಕಾಲಿಂಪಾಂಗ್ ಕಡೆಯಿಂದ ಬಂದವರು. ಆರಂಭದ ದಿನಗಳಲ್ಲಿ ಕೇರಳದ ಮಾರ್ ತೋಮಾ ಸಭೆಯವರೂ ಕಠ್ಮಂಡುವಿಗೆ ಬಂದು ದುಡಿದರು. 1961ರ ನೇಪಾಳದ ಜನಗಣತಿಯಲ್ಲಿ ಕ್ರೈಸ್ತರೆಂದು ಬರೆಸಿಕೊಂಡವರು 458. 1991ರಲ್ಲಿ 31,280. 2011ರಲ್ಲಿ 3,75,699. 2021ರಲ್ಲಿ 5,12,313, ಅಂದರೆ ಜನಸಂಖ್ಯೆಯ ಶೇಕಡಾ 1.76. ಬರೆಸಿಕೊಳ್ಳಲು ಹೆದರಿದವರು ಎಷ್ಟೋ, ಸಭೆಯ ಮುಖಂಡರು ಉಬ್ಬಿಸಿ ಹೇಳುವುದು ಎಷ್ಟೋ. ನಾನು ಸರ್ಕಾರದ ಅಂಕಿಗಳಿಗೇ ಅಂಟಿಕೊಳ್ಳುತ್ತೇನೆ. ಮಂಗಳೂರಿನಲ್ಲಿ ನಮಗೆ ಈ ಪಾಠವಾದದ್ದು ತಡವಾಗಿ. 1914ರಲ್ಲಿ ಯುದ್ಧ ಬಂದು ಬ್ರಿಟಿಷ್ ಸರ್ಕಾರ ಜರ್ಮನ್ ಮಿಶನರಿಗಳನ್ನು ಸೆರೆಯಲ್ಲಿಟ್ಟು ಆಮೇಲೆ ಸ್ವದೇಶಕ್ಕೆ ಕಳುಹಿಸಿತು. ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಎಂಬತ್ತು ವರ್ಷ ದೊರೆಗಳ ಕೈ ಹಿಡಿದು ನಡೆದ ಸಭೆ ಆಗ ಎಷ್ಟು ತತ್ತರಿಸಿತು ಎಂಬುದೂ ಅಜ್ಜಿಯ ಕತೆಗಳಲ್ಲಿ ಬರುತ್ತಿತ್ತು.

ನೇಪಾಳದಲ್ಲಿ ವಾರದ ರಜೆ ಶನಿವಾರ. ಆದ್ದರಿಂದ ಆರಾಧನೆಯೂ ಶನಿವಾರವೇ. ಅಕ್ಕ ಕರೆದುಕೊಂಡು ಹೋದ ಮಂಡಳಿಗೆ, ಅಂದರೆ ಅಲ್ಲಿನ ಸಭೆಗೆ, ಬೋರ್ಡು ಇರಲಿಲ್ಲ. ಇಳಿಜಾರಿನ ಕಲ್ಲುಬೀದಿಯ ಒಂದು ಮನೆಯ ಮೇಲುಮಹಡಿ. ಬಾಗಿಲಲ್ಲಿ ಚಪ್ಪಲಿಗಳ ರಾಶಿ, ಒಳಗೆ ನೆಲಕ್ಕೆ ಹಾಸಿದ ಸುಕುಲ್ ಎಂಬ ಒಣಹುಲ್ಲಿನ ಚಾಪೆಗಳು, ಗಂಡಸರು ಒಂದು ಕಡೆ, ಹೆಂಗಸರು ಇನ್ನೊಂದು ಕಡೆ. ‘ಜೈ ಮಸೀಹ’ ಎಂದು ಎರಡೂ ಕೈ ಜೋಡಿಸಿ ಬರಮಾಡಿಕೊಂಡರು. ಕೊರಳಿಗೆ ಮಾದಲ್ ಎಂಬ ಮದ್ದಳೆಯಂಥ ವಾದ್ಯ ತೂಗುಹಾಕಿಕೊಂಡ ಹುಡುಗ ಬಾರಿಸತೊಡಗಿದಾಗ ಕೂತವರು ಚಪ್ಪಾಳೆಯಿಂದಲೇ ತಾಳ ಹಿಡಿದರು. ಅವರು ಹಾಡುವುದನ್ನು ಭಜನ್ ಎಂದೇ ಕರೆಯುತ್ತಾರೆ. ನಮ್ಮ ಸಭೆಯ ಕೀರ್ತನೆಗಳಲ್ಲಿ ಅರ್ಧಕ್ಕರ್ಧ ಜರ್ಮನ್ ರಾಗಗಳು, ಇವರದು ಗುಡ್ಡದ ಜಾನಪದ ಧಾಟಿ. ಪ್ರಸಂಗ ಮಾಡಿದವರು ಶಾಲಾ ಶಿಕ್ಷಕರಂತೆ ಕಂಡರು; ನೇಪಾಳಿ ನನಗೆ ಅರ್ಧಂಬರ್ಧ ತಿಳಿಯಿತು. ಪ್ರಾರ್ಥನೆಯ ಹೊತ್ತಿಗೆ ಎಲ್ಲರೂ ಒಟ್ಟಿಗೆ ಗಟ್ಟಿಯಾಗಿ ಪ್ರಾರ್ಥಿಸತೊಡಗಿದರು. ಆ ಗದ್ದಲದ ನಡುವೆ ಅಕ್ಕ ಮಾತ್ರ ತುಟಿ ಅಲುಗಿಸದೆ ಕುಳಿತಿದ್ದಳು. ಅಲ್ಲಿ ಅವಳು ಬರೀ ಆರಾಧನೆಗೆ ಬಂದವಳು. ಪ್ರಸಂಗ ಮಾಡುವುದಿಲ್ಲ, ಸಂಡೇ ಸ್ಕೂಲು ನಡೆಸುವುದಿಲ್ಲ, ಸಮಿತಿಗಳಲ್ಲಿ ಇರುವುದಿಲ್ಲ. ಹಿಂದಿನ ಸಾಲಿನಲ್ಲಿ ಕೂರುತ್ತಾಳೆ.

ನಾನು ಮಾಡಿದ ತಪ್ಪು ಇಲ್ಲಿ ನಡೆಯಿತು. ಮಾದಲ್ ಬಾರಿಸುವ ಹುಡುಗನ ಹಿಂದೆ ಕಿಟಕಿಯ ಬೆಳಕು ಬಹಳ ಚೆನ್ನಾಗಿ ಬಿದ್ದಿತ್ತು. ನಾನು ಮೊಬೈಲ್ ತೆಗೆದು ಎರಡು ಮೂರು ಫೋಟೋ ಹೊಡೆದೆ. ಆರಾಧನೆ ಮುಗಿದು ಚಹಾ ಕೊಡುವಾಗ ಒಬ್ಬ ಹೆಂಗಸು ನನ್ನ ಪಕ್ಕಕ್ಕೆ ಬಂದು, ಬಹಳ ವಿನಯದಿಂದ, ‘ದಾಜು (ಅಣ್ಣ), ಫೋಟೋ’ ಎಂದು ಮೊಬೈಲಿನತ್ತ ಕೈ ತೋರಿಸಿದರು. ನೋಡಬೇಕೆಂದು ಕೇಳುತ್ತಿದ್ದಾರೆಂದು ತಿಳಿದು ನಗುತ್ತ ತೋರಿಸಿದೆ. ಅವರು ತಾವು ಕೂತಿದ್ದ ಮೂಲೆಯನ್ನು ಬೆರಳಿನಿಂದ ದೊಡ್ಡದು ಮಾಡಿ, ತಮ್ಮ ಮುಖದ ಮೇಲೆ ಬೆರಳಿಟ್ಟು, ಇದು ಬೇಡ ಎಂದರು. ಅವರು ಬಂದದ್ದು ಗಂಡನ ಮನೆಯವರಿಗೆ ಗೊತ್ತಿರಲಿಲ್ಲ. ನಾನು ಅಳಿಸಿದೆ, ಆಮೇಲೆ ಅಳಿಸಿದವುಗಳು ಉಳಿಯುವ ಡಬ್ಬಿಯನ್ನೂ ತೆರೆದು ಅವರ ಎದುರಿಗೇ ಖಾಲಿ ಮಾಡಿದೆ. ಮನೆಗೆ ಮರಳುವ ದಾರಿಯಲ್ಲಿ ಅಕ್ಕ ಬೈಯಲಿಲ್ಲ. ‘ನಿನ್ನ ಫೇಸ್‌ಬುಕ್ಕಿಗೆ ಹಾಕಿದ್ದರೆ ನಿನಗೆ ಐವತ್ತು ಲೈಕು ಬರುತ್ತಿತ್ತು’ ಎಂದಳು, ಅಷ್ಟೇ.

ಆ ಮಾತು ಸುಮ್ಮನೆ ಬಂದದ್ದಲ್ಲ. ಸಹಿ ಹಾಕದೆ ಬರುವವರ ಬಗ್ಗೆ ಅವಳಿಗೆ ಕೋಪವಿದೆ, ಈಗ ನನಗೂ ಇದೆ. ಪ್ರವಾಸಿ ವೀಸಾದ ಮೇಲೆ ಎರಡು ವಾರ ಬಂದು, ಚಾರಣಕ್ಕೆಂದು ಗುಡ್ಡ ಹತ್ತಿ, ಹಳ್ಳಿಗಳಲ್ಲಿ ಕರಪತ್ರ ಹಂಚಿ, ಹೊಳೆಯಲ್ಲಿ ದೀಕ್ಷಾಸ್ನಾನದ ಫೋಟೋ ತೆಗೆದು, ಊರಿಗೆ ಮರಳಿ ಅದನ್ನು ತೋರಿಸಿ ಹಣ ಎತ್ತುವ ತಂಡಗಳಿವೆ. ನಿಷೇಧಿತ ದೇಶದಲ್ಲಿ ಧೈರ್ಯದಿಂದ ಸಾರಿಬಂದೆವು ಎಂಬುದು ಅವರ ಸಾಕ್ಷಿ. ಸಿಕ್ಕಿಬಿದ್ದರೆ ಅವರಿಗೆ ಸಾಮಾನ್ಯವಾಗಿ ಆಗುವುದು ಗಡೀಪಾರು, ಅಂದರೆ ವಿಮಾನದ ಟಿಕೆಟ್ಟು. ಆ ಹಳ್ಳಿಯಲ್ಲಿ ಅವರಿಗೆ ದಾರಿ ತೋರಿಸಿದ, ದುಭಾಷಿಯಾದ, ಊಟ ಹಾಕಿದ ನೇಪಾಳಿಯ ಮನೆಗೆ ಮಾರನೆಯ ದಿನ ಪೊಲೀಸರು ಬರುತ್ತಾರೆ. ಕಾನೂನು ಅನ್ಯಾಯದ್ದು ಎಂದು ಯಾರಿಗಾದರೂ ಅನಿಸಿದರೆ ಅದನ್ನು ಮುರಿದು ಸೆರೆಗೆ ಹೋಗುವ ಹಕ್ಕು ಅವರಿಗಿದೆ. ಮುರಿದು ಬೇರೆಯವರನ್ನು ಸೆರೆಗೆ ಕಳುಹಿಸುವ ಹಕ್ಕು ಯಾವ ಸುವಾರ್ತೆಯಲ್ಲಿಯೂ ಇಲ್ಲ. ಬಡತನವನ್ನೋ ಭೂಕಂಪವನ್ನೋ ನೆಪ ಮಾಡಿಕೊಂಡು ಅಕ್ಕಿಯ ಚೀಲದೊಳಗೆ ಕರಪತ್ರ ತುರುಕುವ ಕೆಲಸವನ್ನಂತೂ ಕಾನೂನು ಇಲ್ಲದಿದ್ದರೂ ಮಾಡಕೂಡದು. ನೇಪಾಳದ ಹಿಂದೂಗಳಿಗೆ ಈ ವಿಷಯದಲ್ಲಿ ಬರುವ ಸಿಟ್ಟನ್ನು ಮತಾಂಧತೆ ಎಂದು ತಳ್ಳಿಹಾಕಲು ನನಗೆ ಮನಸ್ಸಾಗುವುದಿಲ್ಲ.

ಆದರೂ ಕಾನೂನಿನ ಪೆಟ್ಟು ಬೀಳುವುದು ಇಂಥವರ ಮೇಲಲ್ಲ. 2020ರಲ್ಲಿ ಪೋಖರಾದ ಒಬ್ಬ ನೇಪಾಳಿ ಪಾಲಕರು ಕೊರೊನಾ ರೋಗವನ್ನು ಯೇಸುವಿನ ಹೆಸರಿನಲ್ಲಿ ಗದರಿಸಿ ಪ್ರಾರ್ಥಿಸಿದ ವಿಡಿಯೋ ಹರಿದಾಡಿದ್ದರಿಂದ ಬಂಧನಕ್ಕೊಳಗಾದರು. ಜಾಮೀನು ಸಿಗುತ್ತಿದ್ದಂತೆ ಬೇರೆ ಆರೋಪಗಳ ಮೇಲೆ ಮತ್ತೆ ಬಂಧನ. ಕೊನೆಗೆ ದೂರದ ಡೋಲ್ಪಾ ಜಿಲ್ಲೆಯ ನ್ಯಾಯಾಲಯ ಎರಡು ವರ್ಷಗಳ ಸೆರೆವಾಸ ವಿಧಿಸಿತು. ಮೇಲ್ಮನವಿಯಲ್ಲಿ ಅದು ಒಂದು ವರ್ಷಕ್ಕೆ ಇಳಿಯಿತು. ಸರ್ವೋಚ್ಚ ನ್ಯಾಯಾಲಯ 2023ರಲ್ಲಿ ಅದನ್ನು ಎತ್ತಿಹಿಡಿಯಿತು. ಆ ಪ್ರಾರ್ಥನೆಯ ಧಾಟಿ ನನಗೆ ಹಿಡಿಸುವುದಿಲ್ಲ. ರೋಗವನ್ನು ಗದರಿಸುವ ಪ್ರಸಂಗಿಗಳು ನಮ್ಮ ಹುಬ್ಬಳ್ಳಿ ಧಾರವಾಡದಲ್ಲಿಯೂ ಇದ್ದಾರೆ, ನಾನು ಅವರಿಂದ ದೂರವಿರುತ್ತೇನೆ. ಹಾಗೆಂದು ಅದು ಸೆರೆಮನೆಗೆ ಹಾಕುವ ಅಪರಾಧವೇ?

ದಿನನಿತ್ಯದ ತೊಂದರೆಗಳು ಸುದ್ದಿಯಾಗುವುದಿಲ್ಲ. ನೇಪಾಳದಲ್ಲಿ ಸಭೆಯನ್ನು ಸಭೆಯೆಂದು ನೋಂದಾಯಿಸಲು ಆಗುವುದಿಲ್ಲ. ಸಂಘ ಸಂಸ್ಥೆಗಳ ಕಾಯಿದೆಯಡಿ ಸಾಮಾನ್ಯ ಸಂಘವೆಂದು ಬರೆಸಬೇಕು, ಇಲ್ಲವೇ ಯಾರಾದರೂ ಸದಸ್ಯರ ಹೆಸರಿನಲ್ಲಿ ಜಾಗ ಕೊಳ್ಳಬೇಕು. ಅವರು ತೀರಿಕೊಂಡರೆ ಮಕ್ಕಳು ಕೊಡುತ್ತಾರೋ ಇಲ್ಲವೋ. ಅದಕ್ಕಿಂತ ಕಷ್ಟದ್ದು ಸಾವು. ಕಠ್ಮಂಡುವಿನ ಕ್ರೈಸ್ತರು ಪಶುಪತಿನಾಥದ ಪಕ್ಕದ ಶ್ಲೇಷ್ಮಾಂತಕ ವನದಲ್ಲಿ ಹೂಳುತ್ತಿದ್ದರು, 2011ರಲ್ಲಿ ಅಲ್ಲಿ ಹೂಳುವುದನ್ನು ನಿಲ್ಲಿಸಲಾಯಿತು, ದೊಡ್ಡ ಪ್ರತಿಭಟನೆಗಳಾದವು. ತಾನ್ಸೇನಿನ ಕಡೆ ಹೇಗೆ ಎಂದು ಮಂಡಳಿಯ ಹಿರಿಯರೊಬ್ಬರನ್ನು ಕೇಳಿದೆ. ಅವರು ಎದುರಿನ ಗುಡ್ಡದತ್ತ ಕೈ ತೋರಿಸಿ, ಯಾರದೋ ಹೊಲದ ಅಂಚು, ಯಾರೂ ಕೇಳದ ಹೊತ್ತಿನಲ್ಲಿ, ಕಲ್ಲು ನಿಲ್ಲಿಸುವುದಿಲ್ಲ ಎಂದರು. ಈಗೀಗ ಕೆಲವು ಕುಟುಂಬಗಳು ಸುಡುವುದನ್ನೇ ಒಪ್ಪಿಕೊಂಡಿವೆಯಂತೆ.

ಹೊರಡುವ ಹಿಂದಿನ ರಾತ್ರಿ ಅಕ್ಕನ ಕೋಣೆಯಲ್ಲಿ ಕೂತು ಮಾತಾಡಿದೆವು. ಕರೆಂಟು ಇತ್ತು, ಹೀಟರು ಇರಲಿಲ್ಲ. ಇಬ್ಬರೂ ಶಾಲು ಹೊದ್ದಿದ್ದೆವು. ಹಳೆಯ ಪ್ರಶ್ನೆಯನ್ನು ನೇರವಾಗಿಯೇ ಕೇಳಿದೆ: ಆ ಕಾಗದಕ್ಕೆ ಸಹಿ ಹಾಕಿದಾಗ ನಿನಗೆ ಏನೂ ಅನಿಸಲಿಲ್ಲವೇ? ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ್ದು ಇಷ್ಟು. ಸುಟ್ಟ ಗಾಯಗಳ ಮಕ್ಕಳು ಚಳಿಗಾಲದಲ್ಲಿ ಬಹಳ ಬರುತ್ತಾರೆ, ಒಲೆಯ ಪಕ್ಕ ಮಲಗಿದವರು. ಡ್ರೆಸ್ಸಿಂಗ್ ಬಿಚ್ಚುವಾಗ ಅವು ಕಿರುಚುತ್ತವೆ. ನೀರು ಹಾಕಿ ನೆನೆಸಿ, ಅರ್ಧ ಗಂಟೆ ತೆಗೆದುಕೊಂಡು, ನೋಯದ ಹಾಗೆ ಬಿಚ್ಚಬಹುದು. ಸಮಯವಿಲ್ಲವೆಂದು ಎಳೆದು ಬಿಚ್ಚಲೂಬಹುದು. ‘ಆ ಅರ್ಧ ಗಂಟೆಗೆ ನಾನು ಸಹಿ ಹಾಕಿದ್ದೇನೆ ಅಂದುಕೊಂಡಿದ್ದೇನೆ. ಯಾಕೆ ಬಂದೆ ದೀದಿ ಅಂತ ಯಾರಾದರೂ ಕೇಳಿದರೆ ನಾನು ಕ್ರೈಸ್ತಳು, ಅದಕ್ಕೆ ಬಂದೆ ಅನ್ನುತ್ತೇನೆ. ಕೇಳಿದ್ದಕ್ಕಷ್ಟೇ ಉತ್ತರ. ಮುಂದಿನದು ನನ್ನ ಕೆಲಸವಲ್ಲ.’

ಹಾಗಾದರೆ ಯಾರ ಕೆಲಸ ಎಂದು ಕೇಳಬಾರದಿತ್ತು, ಕೇಳಿದೆ. ಅವಳು ಗೋಡೆಯ ಕಡೆ ತಲೆ ಅಲುಗಿಸಿದಳು. ಪಕ್ಕದ ಕೋಣೆಯಲ್ಲಿ ಒಬ್ಬ ಕಿರಿಯ ನರ್ಸ್ ಇದ್ದಾಳೆ, ಪಾಲ್ಪಾದ ಹಳ್ಳಿಯ ಹುಡುಗಿ, ಅಕ್ಕನ ಕೈಕೆಳಗೆ ಕಲಿತವಳು, ಶನಿವಾರದ ಡ್ಯೂಟಿಯನ್ನು ಬೇರೆಯವರೊಂದಿಗೆ ಬದಲಿಸಿಕೊಂಡು ಮಂಡಳಿಗೆ ಬರುವವಳು. ಅವಳು ತನ್ನ ತಾಯಿಯೊಂದಿಗೆ, ಓರಗಿತ್ತಿಯರೊಂದಿಗೆ, ನೀರಿ­ನ ಕೊಳಾಯಿಯ ಬಳಿ ಏನು ಮಾತಾಡುತ್ತಾಳೋ ಅಕ್ಕನಿಗೆ ಗೊತ್ತಿಲ್ಲ, ಕೇಳುವುದೂ ಇಲ್ಲ. ‘ನಾನು ಹೆಚ್ಚೆಂದರೆ ಮನೆಗೆ ಹೋಗುತ್ತೇನೆ. ಅವಳ ಮನೆ ಇಲ್ಲೇ ಇದೆಯಲ್ಲ’ ಎಂದಳು. 1960ರಲ್ಲಿ ಈ ಊರಿನಲ್ಲಿ ಸೆರೆಗೆ ಹೋದವರ ವಿಷಯ ಆ ಹುಡುಗಿಗೆ ಗೊತ್ತೇ ಎಂದು ಕೇಳಿದೆ. ಗೊತ್ತಂತೆ, ಮಂಡಳಿಯಲ್ಲಿ ಹಿರಿಯರು ಹೇಳಿಕೊಡುತ್ತಾರಂತೆ.

ಮುಂದಿನ ವರ್ಷ ಅಕ್ಕನ ಅವಧಿ ಮುಗಿಯುತ್ತದೆ. ವಾರ್ಡಿನ ಜವಾಬ್ದಾರಿ ಬಹುಶಃ ಆ ಹುಡುಗಿಗೇ ಹೋಗುತ್ತದೆ. ಊರಿಗೆ ಬಂದ ಮೇಲೆ ನಾನು ಸಭೆಯ ಹಿರಿಯರಿಗೆ ಈ ವಿಷಯಗಳನ್ನೆಲ್ಲ ಹೇಳಿದೆ. ಇಬ್ಬರು ಒಪ್ಪಿದರು, ಒಬ್ಬರು ಈಗಲೂ ಒಪ್ಪಿಲ್ಲ, ವಿಶೇಷ ಕಾಣಿಕೆ ಮಾತ್ರ ಮುಂದುವರಿದಿದೆ. ಬರುವಾಗ ಏನು ತರಲಿ ಎಂದು ಅಕ್ಕ ಮೊನ್ನೆ ಫೋನು ಮಾಡಿ ಕೇಳಿದಳು. ಪಾಲ್ಪಾದ ಹಿತ್ತಾಳೆಯ ಕರುವಾ, ಕೊಕ್ಕಿನಂಥ ಮೂತಿಯಿರುವ ಆ ನೀರಿನ ಪಾತ್ರೆ, ಒಂದು ತಾ ಎಂದಿದ್ದೇನೆ. ಭಾರವಾಗುತ್ತದೆ, ಸಣ್ಣದು ತರುತ್ತೇನೆ ಎಂದಳು.